ನರದ ಕಾಯಿಲೆಗೆ ಹೊಸ ಮಾತ್ರೆ: ಅಡ್ಡಪರಿಣಾಮವನ್ನು ಮನೆಯಲ್ಲಿ ಅಳೆದು ತೂಗುವ ಕ್ರಮ

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆಯಿಂದ ನರದ ತೊಂದರೆಗೆಂದು ಬೆಂಗಳೂರಿಗೆ ಹೋದವರು ಬೆಳಗಿನ ಮೊದಲ ಬಸ್ಸಿಗೋ ರೈಲಿಗೋ ಹೊರಟು, ಸಾಲಿನಲ್ಲಿ ಕಾದು, ವೈದ್ಯರೊಂದಿಗೆ ಐದು ನಿಮಿಷ ಮಾತನಾಡಿ, ಸಂಜೆಗೆ ಹೊಸದೊಂದು ಮಾತ್ರೆಯ ಸ್ಟ್ರಿಪ್ ಹಿಡಿದು ಊರಿಗೆ ಮರಳುತ್ತಾರೆ. ಮುಂದಿನ ಭೇಟಿ ಒಂದು ತಿಂಗಳಿಗೋ ಮೂರು ತಿಂಗಳಿಗೋ ಇರುತ್ತದೆ. ಆ ನಡುವೆ ತಲೆ ಸುತ್ತಿದರೆ, ಕೈ ನಡುಗಿದರೆ, ಮೈಮೇಲೆ ಗಂಧೆ ಎದ್ದರೆ ಏನು ಮಾಡಬೇಕೆಂಬುದನ್ನು ಮನೆಯವರೇ ತೀರ್ಮಾನಿಸಬೇಕಾಗುತ್ತದೆ. ಆಗ ನಡೆಯುವ ತಪ್ಪು ಎರಡು ಬಗೆಯದು. ಎರಡನೆಯ ದಿನವೇ ಹೆದರಿ ಮಾತ್ರೆಯನ್ನು ಕಪಾಟಿಗೆ ಸೇರಿಸುವುದು ಒಂದು. ‘ನರದ ಮಾತ್ರೆ ಅಂದಮೇಲೆ ಇಷ್ಟು ಇದ್ದೇ ಇರುತ್ತದೆ’ ಎಂದು ಬಿದ್ದು ಏಟಾಗುವವರೆಗೆ ಸಹಿಸಿಕೊಂಡಿರುವುದು ಇನ್ನೊಂದು.

ನಾನು ಈ ಎರಡೂ ತಪ್ಪುಗಳ ಅಂಚಿಗೆ ಹೋಗಿ ಬಂದಿದ್ದೇನೆ. ಹಲವು ವರ್ಷಗಳಿಂದ ಸಕ್ಕರೆ ಕಾಯಿಲೆಯಿರುವ ನನ್ನ ತಾಯಿಗೆ ರಾತ್ರಿ ಹೊತ್ತು ಪಾದದ ಉರಿ ಮತ್ತು ಜೋಮು ತಡೆಯಲಾರದಷ್ಟಾದಾಗ, ತುಮಕೂರಿನಲ್ಲಿ ನರರೋಗ ತಜ್ಞರೊಬ್ಬರು ಪ್ರಿಗಾಬಲಿನ್ 75 ಮಿಲಿಗ್ರಾಂ ಬರೆದುಕೊಟ್ಟರು. ನಾಲ್ಕನೆಯ ರಾತ್ರಿ ಬಚ್ಚಲಿಗೆ ಹೋದ ಅಮ್ಮ ಗೋಡೆ ಹಿಡಿದು ಕುಸಿದು ಕುಳಿತರು. ಮಾತ್ರೆಯದ್ದೇ ಕೆಲಸವೆಂದು ನಾನು ಖಚಿತವಾಗಿ ಹೇಳಿದೆ. ವೈದ್ಯರು ಕೇಳಿದ್ದು ಇಷ್ಟೇ: “ಈ ಮಾತ್ರೆಗೆ ಮೊದಲು ನಿಮ್ಮ ತಾಯಿಯವರು ರಾತ್ರಿ ಎಷ್ಟು ಸಲ ಏಳುತ್ತಿದ್ದರು? ಎದ್ದಾಗ ತಲೆ ಸುತ್ತು ಇರಲಿಲ್ಲವೇ? ಬೇರೆ ಯಾವ ಯಾವ ಮಾತ್ರೆ ನುಂಗುತ್ತಿದ್ದಾರೆ?” ಮೂರಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ. ಈ ಲೇಖನದಲ್ಲಿ ಮುಂದೆ ಹೇಳುವ ಕ್ರಮವೆಲ್ಲ ಆ ಮೂರು ಪ್ರಶ್ನೆಗಳಿಂದ ಬೆಳೆದದ್ದು. ಇದು ವೈದ್ಯರ ಸಲಹೆಯ ಬದಲಿಗೆ ಬಳಸುವ ಬರಹವಲ್ಲ. ವೈದ್ಯರೆದುರು ಬರಿಗೈಯಲ್ಲಿ ನಿಲ್ಲದಿರಲು ಮಾಡಿಕೊಳ್ಳುವ ಸಿದ್ಧತೆ.

ಮೊದಲ ಹೆಜ್ಜೆ: ಮಾತ್ರೆಗೆ ಮುಂಚಿನ ಪುಟ

ಹೊಸ ಮಾತ್ರೆಯ ಮೊದಲ ಡೋಸ್ ನುಂಗುವ ಮುಂಚೆಯೇ ಒಂದು ನೋಟ್‌ಪುಸ್ತಕದ ಮೊದಲ ಪುಟದಲ್ಲಿ ಈಗಿನ ಸ್ಥಿತಿಯನ್ನು ಬರೆದಿಡಬೇಕು. ನಿದ್ದೆ ಎಷ್ಟು ಗಂಟೆ, ರಾತ್ರಿ ಎಷ್ಟು ಸಲ ಎಚ್ಚರ, ನೋವು ಹತ್ತರಲ್ಲಿ ಎಷ್ಟು, ಕಳೆದ ತಿಂಗಳಲ್ಲಿ ಎಷ್ಟು ಸಲ ಫಿಟ್ಸ್ ಅಥವಾ ತಲೆಶೂಲೆ ಬಂತು, ನಡಿಗೆ ಹೇಗಿದೆ, ಕೈ ನಡುಕವಿದೆಯೇ, ಮಲವಿಸರ್ಜನೆ ಸರಾಗವೇ, ತೂಕ ಎಷ್ಟು, ಸಿಟ್ಟು ಮತ್ತು ಮಂಕು ಎಷ್ಟರಮಟ್ಟಿಗಿದೆ ಎಂಬಿಷ್ಟು ಸಾಕು. ಇದು ಹತ್ತು ನಿಮಿಷದ ಕೆಲಸ. ಮೂರ್ಛೆರೋಗದ ಮಾತ್ರೆಯಾದರೆ ಈ ಬರವಣಿಗೆಗಾಗಿ ಒಂದು ದಿನವೂ ಕಾಯಬಾರದು. ಡೋಸ್ ಕೊಟ್ಟು, ಅದೇ ಸಂಜೆ ನೆನಪಿನಿಂದ ಬರೆದರೂ ನಡೆಯುತ್ತದೆ.

ಈ ಪುಟವಿಲ್ಲದಿದ್ದರೆ ಏನಾಗುತ್ತದೆಂದರೆ, ಮಾತ್ರೆ ಶುರುವಾದ ನಂತರ ಮನಸ್ಸು ದೇಹದ ಪ್ರತಿಯೊಂದು ಕದಲಿಕೆಯನ್ನೂ ಗಮನಿಸತೊಡಗುತ್ತದೆ ಮತ್ತು ಹಿಂದೆಯೇ ಇದ್ದ ಬೆನ್ನುನೋವು, ಹಿಂದೆಯೇ ಇದ್ದ ಮಲಬದ್ಧತೆಗಳು ಹೊಸ ಮಾತ್ರೆಯ ಲೆಕ್ಕಕ್ಕೆ ಜಮೆಯಾಗುತ್ತವೆ. ಅಡ್ಡಪರಿಣಾಮದ ಪಟ್ಟಿ ಓದಿದ ಮೇಲೆ ಆ ಲಕ್ಷಣಗಳೇ ಕಾಣಿಸಿಕೊಳ್ಳುವುದು ವೈದ್ಯರು ಚೆನ್ನಾಗಿ ಬಲ್ಲ ಸಂಗತಿ. ಅದು ನಟನೆಯಲ್ಲ, ಅನುಭವ ನಿಜವೇ ಆಗಿರುತ್ತದೆ. ಆದರೆ ಕಾರಣ ಮಾತ್ರೆಯಾಗಿರಬೇಕೆಂದಿಲ್ಲ.

ಎರಡನೆಯ ಪುಟದಲ್ಲಿ ಮನೆಯಲ್ಲಿರುವ ಎಲ್ಲ ಮಾತ್ರೆಗಳ ಪಟ್ಟಿ ಇರಲಿ. ಇಲ್ಲಿ ಮುಖ್ಯವಾದದ್ದು ಬ್ರಾಂಡ್ ಹೆಸರಲ್ಲ, ಸ್ಟ್ರಿಪ್‌ನ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿರುವ ಔಷಧದ ಮೂಲ ಹೆಸರು. ನಮ್ಮ ಮನೆಯಲ್ಲಿ ಈ ಪಟ್ಟಿ ಮಾಡಿದಾಗಲೇ ಗುಟ್ಟು ರಟ್ಟಾಯಿತು. ಸಕ್ಕರೆ ಕಾಯಿಲೆಗೆ ನೋಡುತ್ತಿದ್ದ ಬೇರೊಬ್ಬ ವೈದ್ಯರು ಒಂದು ವರ್ಷದ ಹಿಂದೆಯೇ ‘ನರಕ್ಕೆ ವಿಟಮಿನ್’ ಎಂದು ಕೊಟ್ಟಿದ್ದ ಕ್ಯಾಪ್ಸೂಲಿನಲ್ಲಿ ಮೀಥೈಲ್‌ಕೋಬಾಲಮಿನ್ ಜೊತೆಗೆ ಪ್ರಿಗಾಬಲಿನ್ ಕೂಡ ಇತ್ತು. ಅಮ್ಮ ನುಂಗುತ್ತಿದ್ದದ್ದು ಹೊಸ ಔಷಧವಲ್ಲ, ಹಳೆಯ ಔಷಧದ ಎರಡರಷ್ಟು ಪ್ರಮಾಣ. ಇಂತಹ ಜೋಡಿ ಮಾತ್ರೆಗಳು ನಮ್ಮ ಔಷಧಿ ಅಂಗಡಿಗಳಲ್ಲಿ ಬೇಕಾದಷ್ಟಿವೆ, ಮತ್ತು ಅವನ್ನು ಜನ ವಿಟಮಿನ್ ಎಂದೇ ಕರೆಯುತ್ತಾರೆ. ಆದ್ದರಿಂದ ಪಟ್ಟಿಯಲ್ಲಿ ‘ವಿಟಮಿನ್’ ಎಂದು ಬರೆದು ಮುಂದೆ ಹೋಗಬೇಡಿ. ಸ್ಟ್ರಿಪ್ ತಿರುಗಿಸಿ ಓದಿ, ಓದಲಾಗದಿದ್ದರೆ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ. ಅಂಗಡಿಯವರು ಸ್ಟ್ರಿಪ್ ಕತ್ತರಿಸಿ ಹತ್ತೇ ಮಾತ್ರೆ ಕೊಡುವಾಗ ಹೆಸರಿರುವ ಭಾಗವನ್ನೇ ಕೇಳಿ ಪಡೆಯಿರಿ. ನಾಟಿ ಔಷಧಿ, ಕಷಾಯ, ಆಮ್ಲಪಿತ್ತಕ್ಕೆ ಕುಡಿಯುವ ಬಿಳಿ ದ್ರವ, ಕಬ್ಬಿಣಾಂಶದ ಮಾತ್ರೆ ಎಲ್ಲವೂ ಪಟ್ಟಿಗೆ ಸೇರಬೇಕು. ಅಲ್ಯೂಮಿನಿಯಂ ಮತ್ತು ಮೆಗ್ನೀಶಿಯಂ ಇರುವ ಆಮ್ಲಪಿತ್ತದ ದ್ರವ ಕುಡಿದ ಎರಡು ಗಂಟೆಯೊಳಗೆ, ನರದ ನೋವಿಗೆ ಕೊಡುವ ಗ್ಯಾಬಾಪೆಂಟಿನ್ ನುಂಗಿದರೆ ಅದು ಸರಿಯಾಗಿ ಹೀರಿಕೆಯಾಗುವುದಿಲ್ಲ. ಪಾರ್ಕಿನ್ಸನ್ ರೋಗಕ್ಕೆ ಕೊಡುವ ಲೆವೊಡೋಪಾವನ್ನು ಕಬ್ಬಿಣಾಂಶದ ಮಾತ್ರೆ ಹೀಗೆಯೇ ಕೆಡಿಸುತ್ತದೆ. ಕ್ಷಯಕ್ಕೆ ಕೊಡುವ ಐಸೋನಿಯಾಜಿಡ್, ಫಿಟ್ಸ್‌ಗೆ ಕೊಡುವ ಫೆನಿಟಾಯಿನ್‌ನ ಮಟ್ಟವನ್ನು ರಕ್ತದಲ್ಲಿ ಏರಿಸುತ್ತದೆ. ಮೂತ್ರಪಿಂಡ ಮತ್ತು ಯಕೃತ್ತಿನ ಪರೀಕ್ಷೆ ಇತ್ತೀಚೆಗೆ ಆಗಿದ್ದರೆ ಆ ವರದಿಯನ್ನೂ ಜೊತೆಗಿಡಿ. ಪ್ರಿಗಾಬಲಿನ್, ಗ್ಯಾಬಾಪೆಂಟಿನ್‌ಗಳು ದೇಹದಿಂದ ಹೊರಹೋಗುವುದು ಮೂತ್ರಪಿಂಡದ ಮೂಲಕ. ಮೂತ್ರಪಿಂಡ ಸೋತವರಿಗೆ ಸಾಮಾನ್ಯ ಪ್ರಮಾಣವೇ ಹೆಚ್ಚಾಗುತ್ತದೆ.

ಎರಡನೆಯ ಹೆಜ್ಜೆ: ಫಲ ಯಾವಾಗ ಬರುತ್ತದೆಂದು ಕೇಳಿಕೊಳ್ಳುವುದು

ವೈದ್ಯರ ಬಳಿ ಕೇಳಲೇಬೇಕಾದ ಪ್ರಶ್ನೆಗಳಲ್ಲಿ ಇದು ಮೊದಲನೆಯದು, ಮತ್ತು ಬಹಳ ಮಂದಿ ಕೇಳದೆ ಬರುವಂಥದ್ದು. ನರದ ಮಾತ್ರೆಗಳಲ್ಲಿ ತೊಂದರೆ ಮೊದಲು ಬಂದು ಫಲ ಆಮೇಲೆ ಬರುವುದೇ ಹೆಚ್ಚು. ನರದ ನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್ ಮೊದಲ ರಾತ್ರಿಯಿಂದಲೇ ಬಾಯಿ ಒಣಗಿಸಿ ತೂಕಡಿಕೆ ತರುತ್ತದೆ, ಆದರೆ ನೋವು ಇಳಿಯಲು ಕೆಲವು ವಾರಗಳೇ ಬೇಕು. ಅರೆತಲೆನೋವು ಬರದಂತೆ ತಡೆಯಲು ಕೊಡುವ ಪ್ರೊಪ್ರನೊಲಾಲ್, ಟೋಪಿರಮೇಟ್‌ಗಳ ಫಲವನ್ನು ಸರಿಯಾದ ಪ್ರಮಾಣ ತಲುಪಿದ ಮೇಲೆ ಸುಮಾರು ಎರಡು ತಿಂಗಳು ನೋಡಬೇಕು. ಮೊದಲ ವಾರದಲ್ಲೇ ತೀರ್ಪು ಕೊಡುವವರು ತಕ್ಕಡಿಯ ಒಂದೇ ತಟ್ಟೆಗೆ ಕಲ್ಲು ಹಾಕಿ, ಇನ್ನೊಂದು ತಟ್ಟೆಗೆ ಸರಕು ಬೀಳುವ ಮುಂಚೆಯೇ ತೂಕ ಓದುತ್ತಾರೆ.

ಇದರ ಜೊತೆ, ಯಾವ ತೊಂದರೆ ತಾನೇ ಕಡಿಮೆಯಾಗುತ್ತದೆ, ಯಾವುದು ಕಂಡರೆ ಫೋನ್ ಮಾಡಬೇಕು, ಒಂದು ಹೊತ್ತು ಮರೆತರೆ ಏನು ಮಾಡಬೇಕು ಎಂಬುದನ್ನೂ ಕೇಳಿ ಚೀಟಿಯ ಮೇಲೆಯೇ ಬರೆಸಿಕೊಳ್ಳಿ.

ಅಂಕಿಗಳನ್ನು ಓದುವ ಬಗೆ

ಮೊಬೈಲಿನಲ್ಲಿ ಹುಡುಕಿದರೆ ಪ್ರತಿ ಔಷಧಕ್ಕೂ ಐವತ್ತು ಅಡ್ಡಪರಿಣಾಮಗಳ ಪಟ್ಟಿ ಸಿಗುತ್ತದೆ. ಅವುಗಳ ಮುಂದಿರುವ ಪದಗಳಿಗೆ ಗೊತ್ತಾದ ಅರ್ಥವಿದೆ. 10,000 ಜನರಿರುವ ಒಂದು ಹೋಬಳಿ ಕೇಂದ್ರದ ಎಲ್ಲರೂ ಅದೇ ಮಾತ್ರೆ ನುಂಗಿದರೆಂದು ಭಾವಿಸಿ. ‘ಅತಿ ಸಾಮಾನ್ಯ’ ಎಂದರೆ 1,000 ಅಥವಾ ಅದಕ್ಕಿಂತ ಹೆಚ್ಚು ಮಂದಿಗೆ ಬರುವಂಥದ್ದು; ‘ಸಾಮಾನ್ಯ’ ಎಂದರೆ 100ರಿಂದ 1,000 ಮಂದಿಗೆ; ‘ಅಸಾಮಾನ್ಯ’ ಎಂದರೆ 10ರಿಂದ 100 ಮಂದಿಗೆ; ‘ವಿರಳ’ ಎಂದರೆ 1ರಿಂದ 10 ಮಂದಿಗೆ; ‘ಅತಿ ವಿರಳ’ ಎಂದರೆ ಆ ಊರಿನಲ್ಲಿ ಒಬ್ಬರಿಗೂ ಬಾರದಿರಬಹುದು. ಪ್ರಿಗಾಬಲಿನ್‌ನಿಂದ ತಲೆಸುತ್ತು ಮತ್ತು ತೂಕಡಿಕೆ ಮೊದಲ ಗುಂಪಿಗೆ ಸೇರಿದವು. ಫಿಟ್ಸ್‌ಗೆ ಕೊಡುವ ಕಾರ್ಬಮಜೆಪಿನ್‌ನಿಂದ ಚರ್ಮ ಸುಲಿಯುವಂಥ ತೀವ್ರ ಪ್ರತಿಕ್ರಿಯೆ ಬಹಳ ವಿರಳ, ಆದರೆ ಬಂದರೆ ಪ್ರಾಣಕ್ಕೇ ಕುತ್ತು. ಎಷ್ಟು ಜನಕ್ಕೆ ಬರುತ್ತದೆ ಎಂಬುದೂ ಬಂದರೆ ಎಷ್ಟು ಕೆಟ್ಟದ್ದು ಎಂಬುದೂ ಬೇರೆ ಬೇರೆ ಲೆಕ್ಕ. ಪಟ್ಟಿ ಓದುವಾಗ ಎರಡನ್ನೂ ಪ್ರತ್ಯೇಕವಾಗಿ ಗುರುತು ಹಾಕಬೇಕು.

ನಮ್ಮ ಕಡೆಗೇ ವಿಶೇಷವಾದ ಒಂದು ಗೊಂದಲವನ್ನೂ ಇಲ್ಲಿ ಹೇಳಬೇಕು. ಕಾರ್ಬಮಜೆಪಿನ್ ನುಂಗುವವರು ‘ಗ್ರೇಪ್‌ಫ್ರೂಟ್’ ತಿನ್ನಬಾರದೆಂಬ ಎಚ್ಚರಿಕೆಯನ್ನು ಓದಿ, ಅದು ದ್ರಾಕ್ಷಿಯೆಂದು ತಿಳಿದು, ಚಿಕ್ಕಬಳ್ಳಾಪುರದ ದ್ರಾಕ್ಷಿ ತೋಟದ ಮನೆಯವರೇ ದ್ರಾಕ್ಷಿ ಬಿಟ್ಟದ್ದನ್ನು ಕೇಳಿದ್ದೇನೆ. ಗ್ರೇಪ್‌ಫ್ರೂಟ್ ದ್ರಾಕ್ಷಿಯಲ್ಲ, ಅದು ಚಕ್ಕೋತದ ಹತ್ತಿರದ ಸಂಬಂಧಿ. ಅದರ ರಸ ಕಾರ್ಬಮಜೆಪಿನ್‌ನ ಮಟ್ಟವನ್ನು ರಕ್ತದಲ್ಲಿ ಏರಿಸುತ್ತದೆ, ಮತ್ತು ಅದಕ್ಕೆ ಕಾರಣವಾದ ವಸ್ತುಗಳು ಚಕ್ಕೋತದಲ್ಲೂ ಇರುವುದರಿಂದ ದೇವನಹಳ್ಳಿಯ ಕಡೆಯ ನೆಂಟರು ಚಕ್ಕೋತ ತಂದುಕೊಟ್ಟಾಗ ವೈದ್ಯರನ್ನು ಕೇಳದೆ ತಿನ್ನದಿರುವುದು ಒಳ್ಳೆಯದು. ದ್ರಾಕ್ಷಿ ತಿನ್ನಲು ಅಡ್ಡಿಯಿಲ್ಲ.

ಮೂರನೆಯ ಹೆಜ್ಜೆ: ಕಾಯಬಹುದಾದದ್ದು, ಹೇಳಬೇಕಾದದ್ದು, ಓಡಬೇಕಾದದ್ದು

ಸಣ್ಣ ತೂಕಡಿಕೆ, ತಿಂದದ್ದು ಹೊಟ್ಟೆಯಲ್ಲಿ ತೊಳಸಿದಂತಾಗುವುದು, ಬಾಯಿ ಒಣಗುವುದು, ಟೋಪಿರಮೇಟ್‌ನಿಂದ ಬೆರಳ ತುದಿ ಜುಮ್ಮೆನ್ನುವುದು ಇವೆಲ್ಲ ಮೊದಲ ಒಂದೆರಡು ವಾರ ಕಾದು ನೋಡಬಹುದಾದವು. ಆ ವಾರಗಳಲ್ಲಿ ಮಂಚದ ಅಂಚಿನಲ್ಲಿ ಒಂದು ನಿಮಿಷ ಕುಳಿತು ಆಮೇಲೆ ಏಳುವುದು, ಬಚ್ಚಲ ದಾರಿಯಲ್ಲಿ ಸಣ್ಣ ದೀಪ ಉರಿಸಿಡುವುದು, ಬೈಕ್ ಮತ್ತು ಟ್ರ್ಯಾಕ್ಟರ್ ಮುಟ್ಟದಿರುವುದು ಅಗತ್ಯ. ಲೆವೊಡೋಪಾದಿಂದ ಹೊಟ್ಟೆ ತೊಳಸಿದರೆ ಒಂದಿಷ್ಟು ಮಂಡಕ್ಕಿ ಅಥವಾ ಬಿಸ್ಕತ್ತಿನೊಂದಿಗೆ ನುಂಗಬಹುದು. ಆದರೆ ಹಾಲು, ಅವರೆಕಾಳಿನ ಸಾರು, ಮಾಂಸದ ಊಟದ ಜೊತೆಗೆ ನುಂಗಿದರೆ ಅವುಗಳ ಪ್ರೋಟೀನು ಔಷಧದ ದಾರಿಗೆ ಅಡ್ಡ ಬರುತ್ತದೆ.

ಎರಡನೆಯ ಗುಂಪು ಹೆಚ್ಚು ಮೋಸ ಮಾಡುವಂಥದ್ದು, ಏಕೆಂದರೆ ಇವು ನಿಧಾನವಾಗಿ ಬರುತ್ತವೆ ಮತ್ತು ಮಾತ್ರೆಗೆ ಸಂಬಂಧಿಸಿದವೆಂದು ಯಾರಿಗೂ ತೋಚುವುದಿಲ್ಲ. ಫಿಟ್ಸ್‌ಗೆ ಇಂದು ಬಹಳವಾಗಿ ಕೊಡುವ ಲೆವೆಟಿರಸೆಟಮ್ ಕೆಲವರಲ್ಲಿ ಸಿಡುಕು, ಜಗಳಗಂಟತನ, ಮಂಕು ತರುತ್ತದೆ. ಹುಡುಗ ಕಾಲೇಜಿಗೆ ಸೇರಿದ ಮೇಲೆ ಕೆಟ್ಟ ಎಂದು ಮನೆಯವರು ಬೈಯುತ್ತಿರುತ್ತಾರೆ. ಆ ಸಿಟ್ಟು ಮಾತ್ರೆ ಶುರುವಾದ ತಿಂಗಳೇ ಶುರುವಾಯಿತೆಂಬುದು ನೋಟ್‌ಪುಸ್ತಕದಲ್ಲಿ ಮಾತ್ರ ಕಾಣುತ್ತದೆ. ಈ ಕಾಲಂ ಅನ್ನು ರೋಗಿಯಲ್ಲ, ಮನೆಯ ಇನ್ನೊಬ್ಬರು ತುಂಬಬೇಕು. ಫೆನಿಟಾಯಿನ್‌ನಿಂದ ಒಸಡು ಊದಿಕೊಳ್ಳುತ್ತದೆ, ಪ್ರಮಾಣ ಹೆಚ್ಚಾದರೆ ಕುಡಿದವರಂತೆ ನಡಿಗೆ ಓಲಾಡಿ ಒಂದು ವಸ್ತು ಎರಡಾಗಿ ಕಾಣುತ್ತದೆ. ಫಿಟ್ಸ್‌ಗೇ ಕೊಡುವ ವಾಲ್ಪ್ರೊಯೇಟ್‌ನಿಂದ ತೂಕ ಏರುವುದು, ಕೂದಲು ಉದುರುವುದು, ಕೈ ನಡುಗುವುದು. ಪ್ರಿಗಾಬಲಿನ್‌ನಿಂದ ಕಾಲು ಊದುವುದು. ಟೋಪಿರಮೇಟ್‌ನಿಂದ ಮಾತಿನ ನಡುವೆ ಪದ ಸಿಗದೆ ತಡವರಿಸುವುದು. ಅರೆತಲೆನೋವಿಗೆ ಕೊಡುವ ಫ್ಲುನರಿಜಿನ್‌ನಿಂದ ಮನಸ್ಸು ಕುಗ್ಗಿ ಚಲನೆ ನಿಧಾನವಾಗುವುದು. ನಡುಕಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್‌ನಿಂದ ವಯಸ್ಸಾದವರಿಗೆ ಮರೆವು ಹೆಚ್ಚುವುದು, ಹೀಗೆ ಪಟ್ಟಿ ಬೆಳೆಯುತ್ತದೆ. ಕಾರ್ಬಮಜೆಪಿನ್ ಮತ್ತು ಆಕ್ಸ್‌ಕಾರ್ಬಮಜೆಪಿನ್ ರಕ್ತದ ಸೋಡಿಯಂ ಇಳಿಸುತ್ತವೆ, ಬಿ.ಪಿ.ಗೆ ಮೂತ್ರ ಹೆಚ್ಚಿಸುವ ಮಾತ್ರೆಯನ್ನೂ ನುಂಗುವ ಅಜ್ಜ ಇದ್ದಕ್ಕಿದ್ದಂತೆ ಗೊಂದಲಗೊಂಡು ಮಾತನಾಡಿದರೆ ಅದನ್ನು ಅರಳುಮರಳು ಎಂದು ಬಿಡದೆ ಅಂದೇ ರಕ್ತಪರೀಕ್ಷೆ ಮಾಡಿಸಬೇಕು. ಪಾವಗಡ, ಬಾಗೇಪಲ್ಲಿ, ಕೋಲಾರದ ಫ್ಲೋರೈಡ್ ನೀರಿನ ಊರುಗಳಲ್ಲಿ ಮೂಳೆನೋವು ಮೊದಲೇ ಮನೆಮಾತು. ಫೆನಿಟಾಯಿನ್, ಫೆನೋಬಾರ್ಬಿಟಲ್‌ಗಳನ್ನು ವರ್ಷಗಟ್ಟಲೆ ನುಂಗಿದರೂ ವಿಟಮಿನ್ ಡಿ ಕುಗ್ಗಿ ಮೂಳೆ ಸೊರಗುತ್ತದೆ, ಆದ್ದರಿಂದ ಇಂತಹ ಕಡೆ ‘ನೀರಿನ ದೋಷ’ ಎಂದು ಸುಮ್ಮನಾಗುವ ಮುಂಚೆ ವೈದ್ಯರಿಗೆ ಹೇಳುವುದು ಲೇಸು.

ಮೂರನೆಯ ಗುಂಪಿನಲ್ಲಿ ತೂಗುವ ಪ್ರಶ್ನೆಯೇ ಇಲ್ಲ. ಕಾರ್ಬಮಜೆಪಿನ್, ಫೆನಿಟಾಯಿನ್, ಲ್ಯಾಮೊಟ್ರಿಜಿನ್ ಶುರುವಾದ ಮೊದಲ ಎರಡು ತಿಂಗಳಲ್ಲಿ ಮೈಮೇಲೆ ದದ್ದು ಎದ್ದು, ಜೊತೆಗೆ ಜ್ವರ, ಬಾಯಿಹುಣ್ಣು, ಕಣ್ಣು ಕೆಂಪಾಗುವುದು ಅಥವಾ ಚರ್ಮದ ಗುಳ್ಳೆ ಕಂಡರೆ ಮುಂದಿನ ಡೋಸ್ ನುಂಗುವ ಮೊದಲೇ ಆಸ್ಪತ್ರೆ ತಲುಪಬೇಕು. ಬೇಸಿಗೆಯ ಬೆವರುಸಾಲೆ ಇರಬಹುದೆಂದು ಕಾಯಬೇಡಿ. ವಾಲ್ಪ್ರೊಯೇಟ್ ನುಂಗುವವರಿಗೆ ಬಿಡದ ವಾಂತಿ, ಹೊಟ್ಟೆನೋವು, ಕಾಮಾಲೆ, ವಿಪರೀತ ಮಂಪರು. ಟೋಪಿರಮೇಟ್ ಅಥವಾ ಅಮಿಟ್ರಿಪ್ಟಿಲಿನ್ ನುಂಗುವವರಿಗೆ ಹಠಾತ್ತನೆ ಕಣ್ಣುನೋವು ಮತ್ತು ಮಂಜು. ಪ್ರಾಸ್ಟೇಟ್ ತೊಂದರೆಯಿರುವ ಗಂಡಸರಿಗೆ ಅಮಿಟ್ರಿಪ್ಟಿಲಿನ್‌ನಿಂದ ಮೂತ್ರ ಕಟ್ಟುವುದು. ಮುಖ ಊದಿ ಉಸಿರಾಡಲು ಕಷ್ಟವಾಗುವುದು ಇವೂ ಹಾಗೆಯೇ. 108ಕ್ಕೆ ಕರೆ ಮಾಡಲು ಸಂಕೋಚ ಬೇಡ. ಸಾಯುವ ಯೋಚನೆ ಬರುತ್ತಿದೆ ಎಂದು ರೋಗಿ ಹೇಳಿದರೆ ಒಬ್ಬರನ್ನೇ ಬಿಡದೆ ವೈದ್ಯರನ್ನು ಕಾಣಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ರಾತ್ರಿಯಲ್ಲೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು.

ನಾಲ್ಕನೆಯ ಹೆಜ್ಜೆ: ಅವರವರ ಕೆಲಸದ ಮೇಲೆ ತೂಗುವುದು

ಒಂದೇ ತೂಕಡಿಕೆಗೆ ಎಲ್ಲ ಮನೆಯಲ್ಲೂ ಒಂದೇ ತೂಕವಿಲ್ಲ. ಬೆಳಗಿನ ಜಾವ ಟೊಮೆಟೊ ತುಂಬಿಕೊಂಡು ಕೋಲಾರದ ಮಾರುಕಟ್ಟೆಗೆ ಗಾಡಿ ಓಡಿಸುವವನಿಗೆ ಅದು ಜೀವದ ಪ್ರಶ್ನೆ. ನೋವಿನಿಂದ ತಿಂಗಳುಗಟ್ಟಲೆ ನಿದ್ದೆಯಿಲ್ಲದ ಅಜ್ಜಿಗೆ ಅದೇ ತೂಕಡಿಕೆ ವರ. ಶಿಡ್ಲಘಟ್ಟದಲ್ಲಿ ಕುದಿನೀರಿನ ಬಾಣಲೆಯ ಮುಂದೆ ಕುಳಿತು ರೇಷ್ಮೆಗೂಡಿನಿಂದ ನೂಲು ಬಿಚ್ಚುವ ಹೆಂಗಸಿಗೆ ಫಿಟ್ಸ್ ಇದ್ದರೆ, ಮಾತ್ರೆ ತರುವ ಮಂಪರಿಗಿಂತ ಮಾತ್ರೆ ಬಿಟ್ಟಾಗ ಬರುವ ಫಿಟ್ಸ್ ದೊಡ್ಡ ಅಪಾಯ, ಮತ್ತು ಆ ಕೆಲಸದಿಂದ ಅವಳನ್ನು ಬೇರೆ ಕೆಲಸಕ್ಕೆ ಹಚ್ಚುವುದೂ ಚಿಕಿತ್ಸೆಯ ಭಾಗವೇ. ಹಾಗಾಗಿ ಪುಟದ ಎಡಕ್ಕೆ ಕಾಯಿಲೆ ಈಗ ಏನೇನನ್ನು ಕಸಿದಿದೆ, ಬಲಕ್ಕೆ ಮಾತ್ರೆ ಏನೇನನ್ನು ಕಸಿಯುತ್ತಿದೆ ಎಂದು ಕೆಲಸಗಳ ಹೆಸರಿನಲ್ಲೇ ಬರೆಯಿರಿ. ‘ಸುಸ್ತು’ ಎಂದಲ್ಲ, ‘ಹಾಲು ಕರೆಯಲು ಆಗುತ್ತಿಲ್ಲ’ ಎಂದು. ‘ನೋವು ಕಡಿಮೆ’ ಎಂದಲ್ಲ, ‘ರಾತ್ರಿ ಮೂರು ಸಲ ಏಳುತ್ತಿದ್ದವರು ಒಂದು ಸಲ ಏಳುತ್ತಾರೆ’ ಎಂದು. ನಮ್ಮ ಮನೆಯಲ್ಲಿ ಜೋಡಿ ಕ್ಯಾಪ್ಸೂಲನ್ನು ವೈದ್ಯರು ನಿಲ್ಲಿಸಿದ ಮೇಲೆ ಅಮ್ಮನ ತಲೆಸುತ್ತು ಹೋಯಿತು, ಕಾಲಿನ ಊತ ಸ್ವಲ್ಪ ಉಳಿಯಿತು. ಊತವನ್ನು ಕಂಡು ನಾನು ಮಾತ್ರೆ ಬದಲಿಸಬೇಕೆಂದೆ; ಅಮ್ಮ “ಊದಿದ ಕಾಲು ನನ್ನದು, ಉರಿ ಇಲ್ಲದೆ ಮಲಗುವವಳೂ ನಾನೇ” ಎಂದರು. ಹೃದಯ ಮತ್ತು ಮೂತ್ರಪಿಂಡದ ಪರೀಕ್ಷೆ ಸರಿಯಿದೆಯೆಂದು ತಿಳಿದ ಮೇಲೆ ವೈದ್ಯರೂ ಅಮ್ಮನ ಮಾತಿಗೇ ಒಪ್ಪಿದರು.

ವಾಲ್ಪ್ರೊಯೇಟ್ ವಿಚಾರದಲ್ಲಿ ಮಾತ್ರ ಈ ತೂಕ ಬಹಳ ಕಠಿಣ. ಗರ್ಭಿಣಿ ಇದನ್ನು ನುಂಗಿದರೆ ಹುಟ್ಟುವ 100 ಮಕ್ಕಳಲ್ಲಿ ಸುಮಾರು 10 ಮಕ್ಕಳಿಗೆ ಹುಟ್ಟುನ್ಯೂನತೆ ಕಾಣುತ್ತದೆ. ಸಾಮಾನ್ಯವಾಗಿ ಈ ಸಂಖ್ಯೆ ಎರಡೋ ಮೂರೋ. 30ರಿಂದ 40 ಮಕ್ಕಳ ಬುದ್ಧಿ, ಮಾತು, ಕಲಿಕೆಯ ಬೆಳವಣಿಗೆಯಲ್ಲಿ ತೊಂದರೆಯಾಗಬಹುದು. ಮಗಳ ಮದುವೆಯ ಮಾತು ನಡೆಯುವಾಗ ಫಿಟ್ಸ್ ವಿಷಯ ಮುಚ್ಚಿಡುವ ಮನೆಗಳಲ್ಲಿ ಈ ಲೆಕ್ಕ ಯಾರೂ ಹಾಕುವುದಿಲ್ಲ. ಮದುವೆಗೆ ತಿಂಗಳುಗಳ ಮುಂಚೆಯೇ ನರರೋಗ ತಜ್ಞರನ್ನು ಕಂಡು, ಬೇರೆ ಔಷಧಕ್ಕೆ ಬದಲಿಸಲು ಸಾಧ್ಯವೇ, ಫೋಲಿಕ್ ಆಮ್ಲ ಎಷ್ಟು ಬೇಕು ಎಂದು ಕೇಳಬೇಕು. ಆಗಲೇ ಗರ್ಭಿಣಿಯಾಗಿದ್ದರೆ ಹೆದರಿ ಮಾತ್ರೆ ನಿಲ್ಲಿಸದೆ ತಕ್ಷಣ ವೈದ್ಯರ ಬಳಿ ಹೋಗಬೇಕು. ಕಾರ್ಬಮಜೆಪಿನ್, ಫೆನಿಟಾಯಿನ್‌ಗಳು ಗರ್ಭನಿರೋಧಕ ಗುಳಿಗೆಯ ಶಕ್ತಿಯನ್ನು ಕುಂದಿಸುತ್ತವೆ ಎಂಬುದೂ ತಿಳಿದಿರಲಿ.

ಐದನೆಯ ಹೆಜ್ಜೆ: ಬಿಡುವ ಮುಂಚೆ ಕೇಳಬಹುದಾದ ಬದಲಿಗಳು

ಫಿಟ್ಸ್ ಮಾತ್ರೆಯನ್ನು ಒಮ್ಮೆಲೇ ಬಿಟ್ಟರೆ ನಿಲ್ಲದ ಫಿಟ್ಸ್ ಬರಬಹುದು. ಕ್ಲೊಬಜಾಮ್, ಪ್ರಿಗಾಬಲಿನ್, ಲೆವೊಡೋಪಾಗಳನ್ನೂ ಹಠಾತ್ತಾಗಿ ನಿಲ್ಲಿಸುವಂತಿಲ್ಲ. ಬಿಡುವುದು ಮತ್ತು ಸಹಿಸುವುದರ ನಡುವೆ ವೈದ್ಯರ ಕೈಯಲ್ಲಿ ಬೇಕಾದಷ್ಟು ದಾರಿಗಳಿವೆ. ಪ್ರಮಾಣ ತಗ್ಗಿಸುವುದು, ಏರಿಸುವ ವೇಗ ನಿಧಾನಿಸುವುದು, ಬೆಳಗಿನ ಪಾಲನ್ನು ರಾತ್ರಿಗೆ ಸರಿಸುವುದು, ನಿಧಾನವಾಗಿ ಕರಗುವ ಮಾತ್ರೆಗೆ ಬದಲಿಸುವುದು, ಬೇರೆ ಔಷಧ ಹಚ್ಚಿ ಹಳೆಯದನ್ನು ಹಂತಹಂತವಾಗಿ ಇಳಿಸುವುದು ಇವನ್ನು ಹೆಸರು ಹೇಳಿ ಕೇಳಿ. ಇವುಗಳಲ್ಲಿ ಒಂದನ್ನೂ ಮನೆಯಲ್ಲೇ ಮಾಡಬಾರದು, ಅದರಲ್ಲೂ ಫೆನಿಟಾಯಿನ್‌ನಲ್ಲಿ. ಒಂದು ಮಟ್ಟ ದಾಟಿದ ಮೇಲೆ ಪ್ರಮಾಣವನ್ನು ಸ್ವಲ್ಪವೇ ಏರಿಸಿದರೂ ರಕ್ತದ ಮಟ್ಟ ನೆಗೆದುಬಿಡುತ್ತದೆ. ಇದೇ ಕಾರಣಕ್ಕೆ ಫಿಟ್ಸ್ ಮಾತ್ರೆಯ ಕಂಪನಿಯನ್ನು ಅಂಗಡಿಯವರು ಬದಲಿಸಿ ಕೊಟ್ಟರೆ ಒಪ್ಪುವ ಮುಂಚೆ ವೈದ್ಯರಿಗೆ ತಿಳಿಸಿ.

ಇದಕ್ಕೆಲ್ಲ ಪ್ರತಿ ಸಲ ಬೆಂಗಳೂರಿಗೇ ಹೋಗಬೇಕೆಂದಿಲ್ಲ. ನಿಮ್ಹಾನ್ಸ್ ಮತ್ತು ರಾಜ್ಯ ಆರೋಗ್ಯ ಇಲಾಖೆ ಸೇರಿ 2022ರಲ್ಲಿ ಆರಂಭಿಸಿದ ಮೆದುಳು ಆರೋಗ್ಯ ಕಾರ್ಯಕ್ರಮ ಮೊದಲು ಶುರುವಾದ ಜಿಲ್ಲೆಗಳಲ್ಲಿ ಕೋಲಾರ ಮತ್ತು ಚಿಕ್ಕಬಳ್ಳಾಪುರವೂ ಇದ್ದವು. ಜಿಲ್ಲಾ ಆಸ್ಪತ್ರೆಯಲ್ಲಿ ಮೆದುಳು ಆರೋಗ್ಯ ಚಿಕಿತ್ಸಾಲಯ ಯಾವ ದಿನ ನಡೆಯುತ್ತದೆಂದು ವಿಚಾರಿಸಿಕೊಳ್ಳಿ. ಅಡ್ಡಪರಿಣಾಮವನ್ನು ಸರ್ಕಾರಕ್ಕೆ ವರದಿ ಮಾಡುವ ಹಕ್ಕು ವೈದ್ಯರಿಗಷ್ಟೇ ಅಲ್ಲ, ರೋಗಿಗೂ ಇದೆ. 2010ರಲ್ಲಿ ಆರಂಭವಾದ ಭಾರತದ ಔಷಧ ಜಾಗರೂಕತಾ ಕಾರ್ಯಕ್ರಮಕ್ಕೆ 1800-180-3024 ಎಂಬ ಉಚಿತ ಸಂಖ್ಯೆಯಿದೆ. ಕರೆ ಮಾಡುವಾಗ ಔಷಧದ ಮೂಲ ಹೆಸರು, ಬ್ಯಾಚ್ ಸಂಖ್ಯೆ, ಶುರುಮಾಡಿದ ದಿನ, ತೊಂದರೆ ಕಂಡ ದಿನ ಕೈಯಲ್ಲಿರಲಿ. ನೋಟ್‌ಪುಸ್ತಕ ಇಟ್ಟವರಿಗೆ ಇವನ್ನು ಹುಡುಕಬೇಕಾಗಿಲ್ಲ.

ಮುಂದಿನ ಭೇಟಿಯ ಹಿಂದಿನ ರಾತ್ರಿ ಇಡೀ ಪುಸ್ತಕವನ್ನು ಒಂದು ಹಾಳೆಗೆ ಇಳಿಸಿ: ಮಾತ್ರೆಗೆ ಮುಂಚೆ ಹೀಗಿತ್ತು, ಈಗ ಹೀಗಿದೆ, ತೊಂದರೆ ಇಂಥ ದಿನದಿಂದ, ಉಳಿದ ಮಾತ್ರೆಗಳು ಇವು, ಕೇಳಬೇಕಾದದ್ದು ಇಷ್ಟು. ವೈದ್ಯರು ಮಾತು ಶುರುಮಾಡುವ ಮುಂಚೆಯೇ ಹಾಳೆಯನ್ನು ಅವರ ಮೇಜಿನ ಮೇಲಿಡಿ, ಎಲ್ಲ ಸ್ಟ್ರಿಪ್‌ಗಳ ಚೀಲವನ್ನು ಅದರ ಪಕ್ಕದಲ್ಲಿಡಿ.